371(ಜೆ) ತಂದವರು ಕಲಬುರಗಿಯಲ್ಲೇ ಸೋತಿದ್ದು ಹೇಗೆ? ಮಲ್ಲಿಕಾರ್ಜುನ ಖರ್ಗೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಕೆಎಎಸ್, ಪಿಎಸ್ಐ, ಎಫ್‌ಡಿಎ ಅಂತ ಓದುವವರಿಗೆ ಸಂವಿಧಾನ ಪಾಠ ಮಾಡುತ್ತೇನೆ. ನಮ್ಮ ಹಿಂದುಳಿದ ಭಾಗದವರಿಗೆ ಸೀಟು, ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ 371(ಜೆ) ವಿಧಿ ಬಂತು ಅಂದರೆ ಪಾಠ ಮುಂದಕ್ಕೆ ಹೋಗುವುದಿಲ್ಲ. ಒಬ್ಬರು ಸರ್ಟಿಫಿಕೇಟ್ ಕೇಳುತ್ತಾರೆ, ಇನ್ನೊಬ್ಬರು ರೋಸ್ಟರ್ ಕೇಳುತ್ತಾರೆ, ಹಿಂದಿನ ಬೆಂಚಿನಿಂದ ಒಬ್ಬರು ಖರ್ಗೆ ಸಾಹೇಬ್ರು 2019ರ ಲೋಕಸಭೆಯಲ್ಲಿ ಸೋತ ಮಾತು ತೆಗೆಯುತ್ತಾರೆ. ಆಮೇಲೆ ಅರ್ಧ ಗಂಟೆ ರಾಜಕೀಯವೇ. ಹಾಗೆ ಬಂದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಪುಟ ಉದ್ದವಿದೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

ಖರ್ಗೆಯವರು ಮೂಲತಃ ಕಲಬುರಗಿಯವರೇನಾ?

ಅಲ್ಲ, ಬೀದರ್ ಜಿಲ್ಲೆಯವರು. ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ, 1942ರ ಜುಲೈ 21ರಂದು. ಆಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನ. 1948ರ ರಜಾಕಾರರ ಹಾವಳಿಯಲ್ಲಿ ಮನೆಗೆ ಬೆಂಕಿ ಬಿತ್ತು, ತಾಯಿ ಅದರಲ್ಲಿ ತೀರಿಕೊಂಡರು. ತಂದೆ ಮಾಪಣ್ಣ ಮಗನನ್ನು ಕರೆದುಕೊಂಡು ಊರು ಬಿಟ್ಟರು. ಕಡೆಗೆ ನೆಲೆ ಸಿಕ್ಕಿದ್ದು ಗುಲಬರ್ಗಾದ ಎಂಎಸ್‌ಕೆ ಮಿಲ್ಲಿನಲ್ಲಿ. ತಂದೆ ಅಲ್ಲಿ ಕಾರ್ಮಿಕರಾದರು.

ಮಗ ನೂತನ ವಿದ್ಯಾಲಯದಲ್ಲಿ ಓದಿದರು. ಸರ್ಕಾರಿ ಕಾಲೇಜಿನಲ್ಲಿ ಬಿಎ, ಶೇಠ್ ಶಂಕರಲಾಲ್ ಲಾಹೋಟಿ ಕಾಲೇಜಿನಲ್ಲಿ ಲಾ ಮುಗಿಸಿದರು. 1969ರಲ್ಲಿ ಅದೇ ಎಂಎಸ್‌ಕೆ ಮಿಲ್ಲಿನ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆಗಾರರಾದರು. ಅದೇ ವರ್ಷ ಕಾಂಗ್ರೆಸ್ ಸೇರಿ ನಗರ ಘಟಕದ ಅಧ್ಯಕ್ಷರಾದರು. ಮಿಲ್ ಮುಚ್ಚಿ ಎಷ್ಟೋ ಕಾಲವಾಗಿದೆ. ಆದರೂ ಆಟೋದವರಿಗೆ ಎಂಎಸ್‌ಕೆ ಮಿಲ್ ಅಂದರೆ ಇವತ್ತಿಗೂ ಸಾಕು, ಬೇರೆ ವಿಳಾಸ ಬೇಡ.

ಒಟ್ಟು ಎಷ್ಟು ಚುನಾವಣೆ ಗೆದ್ದಿದ್ದಾರೆ?

ಸಾಲಾಗಿ ಹನ್ನೊಂದು. ಗುರುಮಠಕಲ್‌ನಿಂದ ಎಂಟು ಸಲ: 1972, 1978, 1983, 1985, 1989, 1994, 1999, 2004. ಚಿತ್ತಾಪುರದಿಂದ 2008ರಲ್ಲಿ ಒಂದು ಸಲ. ಗುಲ್ಬರ್ಗಾ ಲೋಕಸಭೆಯಿಂದ 2009 ಮತ್ತು 2014ರಲ್ಲಿ. ಹನ್ನೆರಡನೆಯದೇ 2019ರ ಸೋಲು.

ಇದರಲ್ಲಿ 1983 ಮತ್ತು 1994ನ್ನು ಸುಮ್ನೆ ದಾಟಿ ಹೋಗಬೇಡಿ. 1983ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಸಲ ಅಧಿಕಾರ ಕಳೆದುಕೊಂಡಿತು. 1994ರಲ್ಲಿ ಪಕ್ಷಕ್ಕೆ ಬಂದಿದ್ದು ಬರೀ 34 ಸೀಟು. ಎರಡೂ ಸಲ ಇವರು ಗೆದ್ದರು. ಪಕ್ಷ ಮುಳುಗಿದರೂ ಇವರು ಮುಳುಗುವುದಿಲ್ಲ ಎಂಬ ನಂಬಿಕೆ ಹುಟ್ಟಿದ್ದು ಅಲ್ಲಿಂದ. "ಸೋಲಿಲ್ಲದ ಸರದಾರ" ಅನ್ನುವ ಬಿರುದು ಸುಮ್ನೆ ಬಂದದ್ದಲ್ಲ.

ಗುರುಮಠಕಲ್ ಬಿಟ್ಟು ಚಿತ್ತಾಪುರಕ್ಕೆ ಯಾಕೆ ಹೋದರು?

2008ರಲ್ಲಿ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿದರು. ಮೀಸಲು ಕ್ಷೇತ್ರವಾಗಿದ್ದ ಗುರುಮಠಕಲ್ ಸಾಮಾನ್ಯವಾಯಿತು, ಚಿತ್ತಾಪುರ ಮೀಸಲಾಯಿತು. ಅಷ್ಟೇ ಕಾರಣ.

ಸುಧಾರಣೆ ಅಂದರೆ 371(ಜೆ) ಒಂದೇನಾ? ಅದಕ್ಕಿಂತ ಮುಂಚೆ ಏನೂ ಮಾಡಿಲ್ಲವಾ?

ಮಾಡಿದ್ದಾರೆ. ಆದರೆ ಈಗಿನ ಹುಡುಗರಿಗೆ ಅದು ಯಾರೂ ಹೇಳಿಕೊಡುವುದಿಲ್ಲ.

1976ರಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾದರು. ಎಸ್‌ಸಿ, ಎಸ್‌ಟಿ ಶಿಕ್ಷಕರ ಹುದ್ದೆಗಳು ತುಂಬದೆ ಹಾಗೇ ಬಿದ್ದಿದ್ದವು. ಅಂಥ 16,000ಕ್ಕೂ ಹೆಚ್ಚು ಬ್ಯಾಕ್‌ಲಾಗ್ ಹುದ್ದೆಗಳನ್ನು ಆಗ ತುಂಬಿದರು. ಇದರ ತೂಕ ಬರೀ ಸಂಖ್ಯೆಯಲ್ಲಿ ಗೊತ್ತಾಗುವುದಿಲ್ಲ. ಒಂದು ಕೇರಿಯಿಂದ ಒಬ್ಬ ಮಾಸ್ತರ್ ಹೊರಬಂದರೆ ಆ ಮನೆಯ ಮುಂದಿನ ತಲೆಮಾರು ಕೂಲಿಗೆ ಹೋಗುವುದಿಲ್ಲ. ನನ್ನ ಕ್ಲಾಸಿಗೆ ಬರುವವರಲ್ಲಿ "ನಮ್ಮಜ್ಜ ಸಾಲಿ ಮಾಸ್ತರ್ ಆಗಿದ್ದರು" ಅನ್ನುವವರು ಇದ್ದಾರೆ. ಯಾವ ವರ್ಷದ ನೇಮಕಾತಿ ಅಂತ ಅವರ ಮನೆಯಲ್ಲಿ ಕೇಳಿ ನೋಡಿ ಅನ್ನುತ್ತೇನೆ.

1980ರಲ್ಲಿ ಗುಂಡೂರಾವ್ ಸಂಪುಟದಲ್ಲಿ ಕಂದಾಯ ಖಾತೆ. ಉಳುವವನೇ ಹೊಲದೊಡೆಯ ಅನ್ನುವ ಕಾನೂನು ಅರಸು ಕಾಲದ್ದು, 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಕೊಟ್ಟಿದ್ದರು. ಅರ್ಜಿ ಕೊಟ್ಟ ಮಾತ್ರಕ್ಕೆ ಹೊಲ ಹೆಸರಿಗೆ ಆಗುತ್ತದಾ? ವಿಚಾರಣೆ ಆಗಬೇಕು, ಪಹಣಿಯಲ್ಲಿ ಹೆಸರು ಏರಬೇಕು. ಅರ್ಜಿಗಳು ಬೇಗ ಇತ್ಯರ್ಥವಾಗಲಿ ಅಂತ 400ಕ್ಕೂ ಹೆಚ್ಚು ಭೂ ನ್ಯಾಯಮಂಡಳಿಗಳು ಕೆಲಸ ಮಾಡಿದ್ದು ಇವರ ಕಾಲದಲ್ಲಿ. ಕಾನೂನು ಮಾಡಿದವರ ಹೆಸರು ಎಲ್ಲರಿಗೂ ಗೊತ್ತು. ಅದನ್ನು ಕಡತದಿಂದ ಹೊಲದವರೆಗೆ ಎಳೆದು ತಂದವರು ಯಾರಿಗೂ ನೆನಪಿರುವುದಿಲ್ಲ. ಖರ್ಗೆಯವರ ರಾಜಕೀಯದ ತುಂಬಾ ಇದೇ ಕಥೆ. ಕಾಗದದ ಕೆಲಸ ಗಟ್ಟಿ, ಪ್ರಚಾರ ಕಮ್ಮಿ.

ಆಮೇಲೆ ಕೇಂದ್ರದಲ್ಲಿ 2009ರಿಂದ 2013ರವರೆಗೆ ಕಾರ್ಮಿಕ ಸಚಿವರು. ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ ಸೌಲಭ್ಯದ ಸಂಬಳದ ಮಿತಿ 10,000ದಿಂದ 15,000 ರೂಪಾಯಿಗೆ ಏರಿದ್ದು 2010ರ ಮೇನಲ್ಲಿ. ಸೇಡಂ ರಸ್ತೆಯಲ್ಲಿರುವ ಇಎಸ್‌ಐ ಆಸ್ಪತ್ರೆ, ಮೆಡಿಕಲ್ ಕಾಲೇಜು ಬಂದಿದ್ದೂ ಅವರ ಕಾಲದಲ್ಲೇ. ಅದರ ಕಟ್ಟಡ ನೋಡಿ ಹೊರಗಿನಿಂದ ಬಂದವರು ವಿಶ್ವವಿದ್ಯಾಲಯ ಅಂದುಕೊಳ್ಳುತ್ತಾರೆ.

371(ಜೆ) ಅಂದರೆ ಸರಳವಾಗಿ ಏನು?

ಹಿಂದುಳಿದ ನಮ್ಮ ಭಾಗಕ್ಕೆ ಸಂವಿಧಾನದಲ್ಲೇ ಕೊಟ್ಟ ವಿಶೇಷ ಸ್ಥಾನ. ಮೂರು ಮುಖ್ಯ ಅಂಶ. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಇಲ್ಲಿಯ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಸೀಟು, ಇಲ್ಲಿಯ ಸರ್ಕಾರಿ ಕೆಲಸದಲ್ಲಿ ಸ್ಥಳೀಯರಿಗೆ ಪಾಲು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಆರು ಜಿಲ್ಲೆ ಇದ್ದವು. ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ ಏಳಾದವು.

ಇಲ್ಲಿಯ ಸಂಸ್ಥೆಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ. ಕೆಲಸದಲ್ಲಿ ಸಿ ಗುಂಪಿನಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85. ಈ ಭಾಗದ ಹೊರಗೆ, ರಾಜ್ಯಮಟ್ಟದಲ್ಲಿ ಶೇ. 8.

ಪರೀಕ್ಷೆಗೆ ಓದುವವರು ಒಂದು ಕಡೆ ಹುಷಾರು. ಸಂಸತ್ತಿನಲ್ಲಿ ಮಂಡಿಸಿದ್ದು 118ನೇ ತಿದ್ದುಪಡಿ ಮಸೂದೆ. ಕಾಯ್ದೆಯಾಗಿ ಬಂದಿದ್ದು 98ನೇ ತಿದ್ದುಪಡಿ. ಮಸೂದೆಯ ನಂಬರ್ ಬೇರೆ, ಕಾಯ್ದೆಯ ನಂಬರ್ ಬೇರೆ. ಸಂಸತ್ತು ಒಪ್ಪಿದ್ದು 2012ರ ಡಿಸೆಂಬರ್‌ನಲ್ಲಿ, ಜಾರಿಗೆ ಬಂದಿದ್ದು 2013ರ ಅಕ್ಟೋಬರ್ 1ರಿಂದ. ಆಯ್ಕೆಗಳಲ್ಲಿ ಎರಡೂ ವರ್ಷ ಕೊಟ್ಟು ಗೊಂದಲ ಮಾಡುತ್ತಾರೆ.

ಅದು ಖರ್ಗೆಯವರೊಬ್ಬರ ಸಾಧನೆಯಾ? ಬೇರೆಯವರೂ ಹೋರಾಡಿದ್ದರಲ್ಲ?

ಹೋರಾಡಿದ್ದರು, ಅದರಲ್ಲಿ ಎರಡು ಮಾತಿಲ್ಲ. ಚಿಂಚೋಳಿಯ ವೈಜನಾಥ ಪಾಟೀಲರು ಹೈದರಾಬಾದ್ ಕರ್ನಾಟಕ ಹೋರಾಟ ಸಮಿತಿ ಕಟ್ಟಿಕೊಂಡು ವರ್ಷಗಟ್ಟಲೆ ಬೀದಿಯಲ್ಲಿದ್ದರು. ಖರ್ಗೆಯವರ ಹೆಸರು ಹೇಳುವಾಗ ಅವರ ಹೆಸರು ಬಿಟ್ಟರೆ ಅನ್ಯಾಯ.

ಇದರ ಹಿನ್ನೆಲೆ ಸ್ವಲ್ಪ ನೋಡಿ. 1956ರಲ್ಲಿ ನಿಜಾಮರ ಸಂಸ್ಥಾನ ಮೂರು ಪಾಲಾಯಿತು. ಮರಾಠವಾಡ ಮಹಾರಾಷ್ಟ್ರದ ಕಡೆಗೆ, ತೆಲಂಗಾಣ ಆಂಧ್ರದ ಕಡೆಗೆ, ನಮ್ಮ ಜಿಲ್ಲೆಗಳು ಮೈಸೂರಿನ ಕಡೆಗೆ. ಮರಾಠವಾಡಕ್ಕೆ 371ನೇ ವಿಧಿಯ ಎರಡನೇ ಉಪವಿಧಿ ಇತ್ತು. ತೆಲಂಗಾಣಕ್ಕೆ 1973ರ 32ನೇ ತಿದ್ದುಪಡಿಯಲ್ಲಿ 371(ಡಿ) ಬಂತು. ಒಂದೇ ಮನೆಯಿಂದ ಪಾಲಾದ ಮೂವರಲ್ಲಿ ಇಬ್ಬರಿಗೆ ಸಿಕ್ಕಿತು, ಕನ್ನಡದವರಿಗೆ ಮಾತ್ರ ಇಲ್ಲ. ಅವರಿಗೆ ಕೊಟ್ಟಿದ್ದು ನಮಗೆ ಯಾಕಿಲ್ಲ ಅನ್ನುವುದೇ ಇಲ್ಲಿಯ ಹೋರಾಟದ ತಿರುಳು.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವೇ ಅಂತ ಅದರಲ್ಲಿ ಬಂತು. ಆದರೂ ಅಡ್ವಾಣಿಯವರು ಗೃಹ ಸಚಿವರಾಗಿದ್ದಾಗ ಕೇಂದ್ರ ಈ ಬೇಡಿಕೆಯನ್ನು ತಳ್ಳಿಹಾಕಿತು. 2010ರ ಮಾರ್ಚ್‌ನಲ್ಲಿ ರಾಜ್ಯದ ಎರಡೂ ಸದನ ನಿರ್ಣಯ ಮಾಡಿ ಕಳಿಸಿದವು. ಆಗ ಇಲ್ಲಿ ಇದ್ದಿದ್ದು ಯಡಿಯೂರಪ್ಪನವರ ಬಿಜೆಪಿ ಸರ್ಕಾರ. ಅದನ್ನೂ ಮರೆಯಬಾರದು.

ಹಾಗಾದರೆ ಖರ್ಗೆ ಮಾಡಿದ್ದೇನು? ಕೇಂದ್ರ ಸಂಪುಟದಲ್ಲಿ ಕೂತು, ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಂತೆ ಬೆನ್ನು ಹತ್ತಿದರು. ಸಂವಿಧಾನ ತಿದ್ದುಪಡಿಗೆ ಮೂರನೇ ಎರಡರಷ್ಟು ಬಹುಮತ ಬೇಕು. ವಿರೋಧ ಪಕ್ಷಗಳನ್ನೂ ಒಪ್ಪಿಸಬೇಕು. ಬೀದಿಯಲ್ಲಿ ಕೂಗಿದವರು ಬೇರೆ, ದಿಲ್ಲಿಯಲ್ಲಿ ದಡ ಮುಟ್ಟಿಸಿದವರು ಬೇರೆ. ಎರಡೂ ಬೇಕಿತ್ತು. ನನ್ನ ಕೇಳಿದರೆ, ಆ ಕುರ್ಚಿಯಲ್ಲಿ ಈ ಭಾಗದವರಲ್ಲದ ಮಂತ್ರಿ ಇದ್ದಿದ್ದರೆ ಅದು ಇನ್ನೂ ಹತ್ತು ವರ್ಷ ಎಳೆಯುತ್ತಿತ್ತು.

ಅದರಿಂದ ನಿಜವಾಗಿ ಲಾಭ ಆಗಿದೆಯಾ?

ಮೆಡಿಕಲ್, ಎಂಜಿನಿಯರಿಂಗ್ ಸೀಟಿನಲ್ಲಿ ಖಂಡಿತ ಆಗಿದೆ. ಸರ್ಕಾರಿ ಕೆಲಸದಲ್ಲೂ ಆಗಿದೆ, ಆದರೆ ಅರ್ಜಿ ಕರೆದಾಗ ಮಾತ್ರ. ನೇಮಕಾತಿಯೇ ನಡೆಯದಿದ್ದರೆ ಶೇ. 80 ತಗೊಂಡು ಏನು ಮಾಡುವುದು? ಖಾಲಿ ಹುದ್ದೆ ಖಾಲಿಯೇ ಇರುತ್ತದೆ. ಇದು ಎಲ್ಲ ಪಕ್ಷದ ಸರ್ಕಾರಗಳ ತಪ್ಪು.

ಇನ್ನೊಂದು ದೊಡ್ಡ ತೊಂದರೆ ಶಾಲೆಯಲ್ಲಿದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆ, ಶೇ. 50.59. 2025ರಲ್ಲಿ ಕಲಬುರಗಿ ಕೊನೆ, ಶೇ. 42.43. ನೂರಕ್ಕೆ ಐವತ್ತೆಂಟು ಮಕ್ಕಳು ಹತ್ತನೇ ತರಗತಿಯಲ್ಲೇ ನಿಂತರೆ ಅವರಿಗೆ ಮೆಡಿಕಲ್ ಸೀಟಿನ ಮೀಸಲು ಇದ್ದರೇನು, ಬಿಟ್ಟರೇನು? 371(ಜೆ) ಓದಿ ದಾಟಿದವರಿಗೆ ಬಾಗಿಲು ತೆರೆಯಿತು. ದಾಟದವರ ಮನೆಗೆ ಅದು ಇನ್ನೂ ಪೇಪರಿನ ಸುದ್ದಿ. ದುಡಿಯಲು ಮುಂಬೈ, ಪುಣೆ, ಹೈದರಾಬಾದ್ ಬಸ್ಸು ಹತ್ತುವವರಿಗೆ ಎಸಿ (ಸಹಾಯಕ ಆಯುಕ್ತರ) ಕಚೇರಿಯ 371(ಜೆ) ಅರ್ಹತಾ ಪತ್ರದಿಂದ ಏನೂ ಆಗುವುದಿಲ್ಲ.

ಈ ಮಾತು ನೆನಪಿಟ್ಟುಕೊಳ್ಳಿ. ಸೋಲಿನ ಪ್ರಶ್ನೆಗೆ ಬಂದಾಗ ಇದು ಬೇಕಾಗುತ್ತದೆ.

ಲೋಕಸಭೆಯಲ್ಲಿ ಅವರು ವಿರೋಧ ಪಕ್ಷದ ನಾಯಕರಾಗಿದ್ದರಲ್ಲ?

ಇಲ್ಲ. ಇದು ಜಾಸ್ತಿ ಜನ ತಪ್ಪು ಹೇಳುವ ಉತ್ತರ. 2014ರಲ್ಲಿ ಕಾಂಗ್ರೆಸ್ ಗೆದ್ದಿದ್ದು 44 ಸೀಟು. ಆ ಸ್ಥಾನಕ್ಕೆ ಸದನದ ಹತ್ತನೇ ಒಂದು ಭಾಗ, ಅಂದರೆ 55 ಸದಸ್ಯರು ಬೇಕು ಅಂತ ಸ್ಪೀಕರ್ ಸುಮಿತ್ರಾ ಮಹಾಜನ್ ಒಪ್ಪಲಿಲ್ಲ. ಹಾಗಾಗಿ ಐದು ವರ್ಷ ಖರ್ಗೆ "ಲೋಕಸಭೆಯಲ್ಲಿ ಕಾಂಗ್ರೆಸ್ ಪಕ್ಷದ ನಾಯಕ" ಅಷ್ಟೇ. ಕೆಲಸ ಅದೇ, ಪದವಿ ಇಲ್ಲ.

ಇದರಿಂದ ಒಂದು ವಿಚಿತ್ರ ಪರಿಸ್ಥಿತಿ ಬಂತು. ಸಿಬಿಐ ನಿರ್ದೇಶಕರ ಆಯ್ಕೆಯ ಕಾನೂನನ್ನು 2014ರಲ್ಲಿ ತಿದ್ದಿ, ಅಧಿಕೃತ ನಾಯಕ ಇಲ್ಲದಿದ್ದರೆ ಅತಿ ದೊಡ್ಡ ವಿರೋಧ ಪಕ್ಷದ ನಾಯಕ ಸಮಿತಿಯಲ್ಲಿರಬಹುದು ಅಂತ ಮಾಡಿದರು. ಲೋಕಪಾಲ ಕಾನೂನಿಗೆ ಆ ತಿದ್ದುಪಡಿ ಆಗಲಿಲ್ಲ. ಹಾಗಾಗಿ ಒಂದೇ ಮನುಷ್ಯ ಸಿಬಿಐ ಸಮಿತಿಯಲ್ಲಿ ಪೂರ್ಣ ಸದಸ್ಯ, ಲೋಕಪಾಲ ಸಮಿತಿಗೆ ಬರೀ "ವಿಶೇಷ ಆಹ್ವಾನಿತ". ಮಾತಿಗೆ ಬೆಲೆ ಇಲ್ಲದ ಕಡೆ ಬಂದು ಕೂರುವುದಿಲ್ಲ ಅಂತ ಲೋಕಪಾಲ ಸಭೆಗಳಿಗೆ ಅವರು ಹೋಗಲಿಲ್ಲ. ಸಿಬಿಐ ಸಮಿತಿಗೆ ಹೋದರು. 2019ರ ಜನವರಿಯಲ್ಲಿ ಅಲೋಕ್ ವರ್ಮಾ ಅವರನ್ನು ಸಿಬಿಐನಿಂದ ತೆಗೆದಾಗ ಪ್ರಧಾನಿ, ನ್ಯಾಯಮೂರ್ತಿ ಸಿಕ್ರಿ, ಖರ್ಗೆ ಮೂವರ ಸಮಿತಿ ಇತ್ತು. ಭಿನ್ನಮತ ಬರೆದವರು ಇವರೊಬ್ಬರೇ. ಪಬ್ಲಿಕ್ ಅಕೌಂಟ್ಸ್ ಸಮಿತಿಯ ಅಧ್ಯಕ್ಷರೂ ಆಗಿದ್ದರು.

ವಿಧಾನಸಭೆಯ ವಿಷಯ ಬೇರೆ. ಅಲ್ಲಿ ಎರಡು ಸಲ ಅಧಿಕೃತ ವಿರೋಧ ಪಕ್ಷದ ನಾಯಕರು. 1990ರ ದಶಕದ ಕೊನೆಯಲ್ಲಿ ಜನತಾದಳದ ಕಾಲಕ್ಕೆ ಒಮ್ಮೆ, 2008ರಲ್ಲಿ ಯಡಿಯೂರಪ್ಪನವರ ಎದುರು ಇನ್ನೊಮ್ಮೆ.

ಅವರ ಹಿಂದಿ ಎಲ್ಲಿಯದು ಅಂತಲೂ ಕೇಳುತ್ತಾರೆ. ನಮ್ಮ ಕಡೆಯ ದಖನಿ ಉರ್ದು ಬೆರೆತ ಹಿಂದಿ ಅದು. ದಿಲ್ಲಿಯವರಿಗೆ ಹೊಸದು ಅನಿಸಿರಬಹುದು. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಕಾಯಿಪಲ್ಲೆ ಕೊಳ್ಳುವ ನಮಗೆ ಅಲ್ಲ.

2019ರಲ್ಲಿ ಎಷ್ಟು ಮತದಿಂದ ಸೋತರು? ಕಾರಣ ಏನು?

ಬಿಜೆಪಿಯ ಡಾ. ಉಮೇಶ್ ಜಾಧವ್ 6,20,192. ಖರ್ಗೆ 5,24,740. ಅಂತರ 95,452.

ಈ ಲೆಕ್ಕದಲ್ಲಿ ಯಾರೂ ನೋಡದ ಒಂದು ವಿಷಯ ಇದೆ. 2014ರಲ್ಲಿ ಅವರು ಗೆದ್ದಾಗ ಬಿದ್ದಿದ್ದು 5,07,193 ಮತ. ಅಂದರೆ ಗೆದ್ದಾಗಿನದಕ್ಕಿಂತ ಸೋತಾಗ ಜಾಸ್ತಿ ಮತ ಬಂದಿವೆ! ಖರ್ಗೆಯವರ ಮತ ಕರಗಲಿಲ್ಲ. ಎದುರಿನ ರಾಶಿ 4,32,460ರಿಂದ ಆರು ಲಕ್ಷ ದಾಟಿತು. ಹಾಗಾಗಿ "ಜನ ಅವರನ್ನು ಕೈಬಿಟ್ಟರು" ಅನ್ನುವುದು ಅರ್ಧ ಸತ್ಯ. ಅವರ ವಿರುದ್ಧ ಇದ್ದವರೆಲ್ಲ ಒಂದೇ ಕಡೆ ಸೇರಿದರು, ಹೊಸದಾಗಿ ಮತಗಟ್ಟೆಗೆ ಬಂದವರೂ ಆ ಕಡೆಗೇ ಹೋದರು.

ಯಾಕೆ ಸೇರಿದರು? ಮೋದಿ ಅಲೆ ಇತ್ತು, ಸರಿ. ರಾಜ್ಯದ 28ರಲ್ಲಿ 25 ಬಿಜೆಪಿಗೆ ಹೋದವು, ಕಾಂಗ್ರೆಸ್ಸಿಗೆ ಒಂದೇ ಒಂದು. ತುಮಕೂರಿನಲ್ಲಿ ದೇವೇಗೌಡರೂ ಸೋತರು. ಆದರೆ ಬರೀ ಅಲೆ ಅಂದರೆ ಮನೆಯ ತಪ್ಪು ಮುಚ್ಚಿದಂತೆ. 2018ರ ವಿಧಾನಸಭೆ ಚುನಾವಣೆಯಲ್ಲಿ ಈ ಲೋಕಸಭಾ ಕ್ಷೇತ್ರದ ಎಂಟು ಸೀಟಿನಲ್ಲಿ ಕಾಂಗ್ರೆಸ್‌ಗೆ ನಾಲ್ಕು, ಜೆಡಿಎಸ್‌ಗೆ ಒಂದು ಬಂದಿತ್ತು. 2019ಕ್ಕೆ ಎರಡೂ ಪಕ್ಷ ಮೈತ್ರಿಯಲ್ಲಿದ್ದವು. ಕಾಗದದ ಮೇಲೆ ಐದು-ಮೂರು. ಆದರೂ ಸುಮಾರು ಒಂದು ಲಕ್ಷದ ಅಂತರ ಬಂತು ಅಂದರೆ ಒಳಗೇನೋ ಮುರಿದಿತ್ತು ಅಂತ ಅರ್ಥ.

ಮುರಿದಿದ್ದು ಇಲ್ಲಿ. ಅಫಜಲಪುರದಿಂದ ಮತ್ತೆ ಮತ್ತೆ ಗೆದ್ದ ಮಾಲೀಕಯ್ಯ ಗುತ್ತೇದಾರ 2018ರಲ್ಲೇ ಬಿಜೆಪಿಗೆ ಹೋಗಿದ್ದರು. ಗುರುಮಠಕಲ್‌ನ ಬಾಬುರಾವ್ ಚಿಂಚನಸೂರ ಅದೇ ವರ್ಷ ಹೋದರು. ಅವರು ಕೋಲಿ-ಕಬ್ಬಲಿಗ ಸಮಾಜದ ದೊಡ್ಡ ಮುಖ. ಆ ಸಮಾಜಕ್ಕೆ ಎಸ್‌ಟಿ ಪಟ್ಟಿಯ ಬೇಡಿಕೆ ಹಳೆಯದು, ಅದು ಆಗಲಿಲ್ಲ ಅನ್ನುವ ಸಿಟ್ಟು ಹಳ್ಳಿಗಳಲ್ಲಿತ್ತು. ಕಡೆಗೆ ಚಿಂಚೋಳಿಯ ಕಾಂಗ್ರೆಸ್ ಶಾಸಕ ಜಾಧವ್ ರಾಜೀನಾಮೆ ಕೊಟ್ಟು, 2019ರ ಮಾರ್ಚ್ 6ರಂದು ಕಲಬುರಗಿಯಲ್ಲೇ ಮೋದಿಯವರ ವೇದಿಕೆಯಲ್ಲಿ ಪಕ್ಷ ಬದಲಿಸಿದರು. ಅವರ ಹಿಂದೆ ಅವರದೇ ಲಂಬಾಣಿ ಸಮಾಜದ ತಾಂಡಾಗಳು ನಿಂತವು. ಹೋದವರೆಲ್ಲ ಒಂದೇ ಕಾರಣ ಹೇಳುತ್ತಿದ್ದರು: ಮಗ ಪ್ರಿಯಾಂಕ್‌ಗೆ ಮಂತ್ರಿಗಿರಿ, ಉಳಿದವರು ಬ್ಯಾಗು ಹಿಡಿಯಬೇಕು. ಆ ದೂರು ಪೂರ್ತಿ ನ್ಯಾಯವಾದದ್ದು ಅಂತ ನಾನು ಹೇಳುವುದಿಲ್ಲ. ಬಿಟ್ಟು ಹೋಗುವವರಿಗೆ ಒಂದು ನೆಪ ಬೇಕೇ ಬೇಕು. ಆದರೆ ನೆಪ ಸಿಗುವಂತೆ ಯಾಕೆ ಮಾಡಿಕೊಂಡರು ಅನ್ನುವ ಪ್ರಶ್ನೆ ಉಳಿಯುತ್ತದೆ.

ಖರ್ಗೆ ಆಗ ದಿಲ್ಲಿಯಲ್ಲಿ 44 ಜನರನ್ನು ಇಟ್ಟುಕೊಂಡು ಸರ್ಕಾರವನ್ನು ಎದುರಿಸುತ್ತಿದ್ದರು. ಊರಲ್ಲಿ ಕಟ್ಟೆಯ ಮೇಲೆ ಕೂತು ಮತ ತಿರುಗಿಸುವ ಮುಖಂಡರು ಒಬ್ಬೊಬ್ಬರಾಗಿ ಜಾರಿದರು. 371(ಜೆ) ಆ ಜಾಗ ತುಂಬಲಿಲ್ಲ. ತುಂಬುವುದೂ ಸಾಧ್ಯವಿರಲಿಲ್ಲ. ಸೀಟು ಸಿಕ್ಕ ಹುಡುಗ ಅದು ತನ್ನ ರ್‍ಯಾಂಕಿಗೆ ಸಿಕ್ಕಿದ್ದು ಅಂದುಕೊಳ್ಳುತ್ತಾನೆ, ಅದು ತಪ್ಪೂ ಅಲ್ಲ. ಸಿಗದವನಿಗೆ ಕಾನೂನೇ ಗೊತ್ತಿಲ್ಲ. ಪಿಂಚಣಿ, ಮನೆ ಮಂಜೂರು ಮಾಡಿಸಿಕೊಟ್ಟ ಮುಖಂಡನ ಹೆಸರು ಮಾತ್ರ ಇಬ್ಬರ ಮನೆಯಲ್ಲೂ ಗೊತ್ತು.

ಜಾಧವ್ ಅವರು ಈ ಕ್ಷೇತ್ರದವರೇ ಅಲ್ಲ ಅಂತಾರಲ್ಲ?

ಒಂದು ರೀತಿಯಲ್ಲಿ ಹೌದು. ಚಿಂಚೋಳಿ ಕಲಬುರಗಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಬೀದರ್ ಕ್ಷೇತ್ರಕ್ಕೆ ಸೇರುತ್ತದೆ. ಆಳಂದವೂ ಹಾಗೇ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಮಾತ್ರ ಗುಲ್ಬರ್ಗಾಕ್ಕೆ. ಅಂದರೆ ಜಾಧವ್ ಶಾಸಕರಾಗಿದ್ದ ಕ್ಷೇತ್ರದ ಒಂದು ಮತವೂ ಅವರಿಗೆ ಇಲ್ಲಿ ಬೀಳಲಿಲ್ಲ. ಆದರೂ ಗೆದ್ದರು.

ರೈಲ್ವೆ ಮಂತ್ರಿಯಾಗಿ ಕಲಬುರಗಿಗೆ ಏನು ಕೊಟ್ಟರು?

2013ರ ಜೂನ್‌ನಿಂದ 2014ರ ಮೇವರೆಗೆ, ವರ್ಷವೂ ಪೂರ್ತಿ ಇಲ್ಲ. ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ ಬೋಗಿ ಕಾರ್ಖಾನೆ ಬಂತು. ಕಲಬುರಗಿ ರೈಲ್ವೆ ವಿಭಾಗ ಘೋಷಣೆಯಾಯಿತು, ಆದರೆ ವಿಭಾಗ ಬರಲಿಲ್ಲ. ಅದರ ಮೇಲೆ ಎರಡೂ ಪಕ್ಷ ಒಬ್ಬರನ್ನೊಬ್ಬರು ಬಯ್ಯುವುದು ಈಗ ವಾಡಿಕೆ.

ಮುಖ್ಯಮಂತ್ರಿ ಯಾಕೆ ಆಗಲಿಲ್ಲ?

ಮೂರು ಸಲ ಹತ್ತಿರ ಬಂದು ತಪ್ಪಿತು. 1999ರಲ್ಲಿ ಎಸ್.ಎಂ. ಕೃಷ್ಣ, 2004ರಲ್ಲಿ ಧರ್ಮಸಿಂಗ್, 2013ರಲ್ಲಿ ಸಿದ್ದರಾಮಯ್ಯ. 1999ರದ್ದು ಅವರಿಗೆ ಜಾಸ್ತಿ ನೋವಾಗಿರಬೇಕು. ಅದಕ್ಕೂ ಮೊದಲು ವಿರೋಧ ಪಕ್ಷದ ನಾಯಕರಾಗಿ ಸದನದಲ್ಲಿ ದುಡಿದವರು ಅವರು. ಆಮೇಲೆ ಕೃಷ್ಣ ಸಂಪುಟದಲ್ಲಿ ಗೃಹ ಸಚಿವರಾದರು. ಡಾ. ರಾಜ್‌ಕುಮಾರ್ ಅಪಹರಣದ 108 ದಿನ ಅವರ ಖಾತೆಯ ಮೇಲೇ ಬಿತ್ತು.

2004ರದ್ದು ಇನ್ನೂ ವಿಚಿತ್ರ. ಜೇವರ್ಗಿಯ ಧರ್ಮಸಿಂಗ್ ಮತ್ತು ಖರ್ಗೆಯವರನ್ನು ಇಲ್ಲಿ ಲವ-ಕುಶ ಅನ್ನುತ್ತಿದ್ದರು. ಒಬ್ಬ ರಜಪೂತ, ಒಬ್ಬ ದಲಿತ, ಒಂದೇ ಜಿಲ್ಲೆ, ಒಂದೇ ಪಕ್ಷ. ಗೆಳೆಯನ ಸಂಪುಟದಲ್ಲೇ ಮಂತ್ರಿಯಾದರು. ಬಹಿರಂಗವಾಗಿ ಮುನಿಸು ತೋರಿಸಲಿಲ್ಲ, ಪಕ್ಷ ಒಡೆಯಲಿಲ್ಲ. ದಿಲ್ಲಿಯವರಿಗೆ ಅವರ ಮೇಲೆ ನಂಬಿಕೆ ಬಂದಿದ್ದೂ ಇದಕ್ಕೇ, ಕುರ್ಚಿ ತಪ್ಪಿದ್ದೂ ಇದಕ್ಕೇ ಅಂತ ನನ್ನ ಅನಿಸಿಕೆ. ಬಿಟ್ಟು ಹೋಗುವುದಿಲ್ಲ ಅಂತ ಗೊತ್ತಿರುವವರಿಗೆ ಯಾರೂ ಹೆದರುವುದಿಲ್ಲ.

ಸೋತ ಮೇಲೆ ಏನು ಮಾಡಿದರು?

2020ರ ಜೂನ್‌ನಲ್ಲಿ ಅವಿರೋಧವಾಗಿ ರಾಜ್ಯಸಭೆಗೆ ಹೋದರು. 2021ರ ಫೆಬ್ರುವರಿಯಲ್ಲಿ ಗುಲಾಂ ನಬಿ ಆಜಾದ್ ಜಾಗಕ್ಕೆ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾದರು. ಗೆದ್ದು ಹೋದ ಸದನದಲ್ಲಿ ಸಿಗದ ಪದವಿ ಸೋತ ಮೇಲೆ ಸಿಕ್ಕಿತು. 2022ರ ಅಕ್ಟೋಬರ್‌ನಲ್ಲಿ ಶಶಿ ತರೂರ್ ಎದುರು 7,897 ಮತ ಪಡೆದು ಎಐಸಿಸಿ, ಅಂದರೆ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾದರು. ತರೂರ್‌ಗೆ 1,072. ಕರ್ನಾಟಕದಿಂದ ನಿಜಲಿಂಗಪ್ಪನವರ ನಂತರ ಇವರೇ. ಮೊದಲ ದಲಿತ ಅಧ್ಯಕ್ಷರು ಅಂತ ಬರೆದು ಅಂಕ ಕಳೆದುಕೊಳ್ಳಬೇಡಿ. ದಾಮೋದರಂ ಸಂಜೀವಯ್ಯ, ಜಗಜೀವನ್ ರಾಂ ಮೊದಲೇ ಆಗಿದ್ದರು.

ಅಧ್ಯಕ್ಷರಾಗಿ ಪಕ್ಷವನ್ನು ಸುಧಾರಿಸಿದರಾ?

ಪ್ರಯತ್ನ ಇದೆ, ಫಲಿತಾಂಶ ಅರೆಬರೆ. ಅವರು ಬರುವ ಮುಂಚೆಯೇ, 2022ರ ಮೇನಲ್ಲಿ ಉದಯಪುರದಲ್ಲಿ ಪಕ್ಷ ಕೆಲವು ನಿಯಮ ಒಪ್ಪಿಕೊಂಡಿತ್ತು. ಅರ್ಧ ಹುದ್ದೆ ಐವತ್ತರ ಒಳಗಿನವರಿಗೆ, ಒಬ್ಬರಿಗೆ ಒಂದೇ ಹುದ್ದೆ, ಒಂದು ಕುಟುಂಬಕ್ಕೆ ಒಂದೇ ಟಿಕೆಟ್. ಕೊನೆಯದಕ್ಕೆ, ಪಕ್ಷದಲ್ಲಿ ಐದು ವರ್ಷ ದುಡಿದಿದ್ದರೆ ಪರವಾಗಿಲ್ಲ ಅನ್ನುವ ಕಿಂಡಿಯೂ ಇತ್ತು. ಖರ್ಗೆ ಸ್ವತಃ ಅಧ್ಯಕ್ಷ ಸ್ಥಾನವನ್ನೂ ರಾಜ್ಯಸಭೆ ನಾಯಕತ್ವವನ್ನೂ ಎರಡನ್ನೂ ಇಟ್ಟುಕೊಂಡರು. ಸುಧಾರಣೆ ಮಾಡುವವರೇ ನಿಯಮ ದಾಟಿದರೆ ಕೆಳಗಿನವರಿಗೆ ಹೇಳುವುದು ಕಷ್ಟ.

ಚುನಾವಣೆಯಲ್ಲಿ ಹಿಮಾಚಲ, ಕರ್ನಾಟಕ, ತೆಲಂಗಾಣ ಗೆದ್ದರು. ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸಗಢ, ಹರಿಯಾಣ, ಮಹಾರಾಷ್ಟ್ರ ಸೋತರು. 2024ರ ಲೋಕಸಭೆಯಲ್ಲಿ 52ರಿಂದ 99ಕ್ಕೆ ಬಂದರು. ಮಹಾರಾಷ್ಟ್ರದಲ್ಲಿ 16 ಸೀಟಿಗೆ ಕುಸಿದ ಮೇಲೆ ಕಾರ್ಯಕಾರಿಣಿಯಲ್ಲಿ ಅವರು ಹೇಳಿದ್ದು ಒಳಜಗಳ, ಶಿಸ್ತು, ಸ್ಥಳೀಯ ಸಂಘಟನೆಯ ಮಾತು. ಕಲಬುರಗಿಯವರಿಗೆ ಈ ಪಟ್ಟಿ ಹೊಸದಲ್ಲ. 2024ರ ಡಿಸೆಂಬರ್‌ನ ಬೆಳಗಾವಿ ಸಭೆಯ ನಂತರ ಜಿಲ್ಲಾ ಅಧ್ಯಕ್ಷರಿಗೆ ಬಲ ಕೊಡುವ ಕೆಲಸ ಶುರುವಾಯಿತು, ಗುಜರಾತಿನಿಂದ ಪ್ರಯೋಗ ಮಾಡಿದರು. ಮೇಲಿನಿಂದ ಹೆಸರು ಇಳಿಸುವ ಬದಲು ವೀಕ್ಷಕರನ್ನು ಕಳಿಸಿ ಕಾರ್ಯಕರ್ತರನ್ನು ಕೇಳುವ ಕ್ರಮ. ದಾರಿ ಸರಿ ಇದೆ. ತಡವಾಗಿದೆ.

2024ರಲ್ಲಿ ಕಲಬುರಗಿಯಲ್ಲಿ ಏನಾಯಿತು? ಅವರೇ ಯಾಕೆ ನಿಲ್ಲಲಿಲ್ಲ?

ದೇಶದ ತುಂಬಾ ಪ್ರಚಾರ ಮಾಡಬೇಕಾದ ಅಧ್ಯಕ್ಷ, ವಯಸ್ಸು 81. ಅಳಿಯ ರಾಧಾಕೃಷ್ಣ ದೊಡ್ಡಮನಿಯವರನ್ನು ನಿಲ್ಲಿಸಿದರು. ಮಗ ರಾಜ್ಯದಲ್ಲಿ ಮಂತ್ರಿ, ಅಳಿಯ ಸಂಸತ್ತಿಗೆ. ಕುಟುಂಬ ರಾಜಕೀಯ ಅನ್ನುವ ಟೀಕೆಗೆ ಉತ್ತರ ಕೊಡುವುದು ಕಷ್ಟ, ಕಾಂಗ್ರೆಸ್ಸಿನವರೂ ಕೊಡುವುದಿಲ್ಲ.

ಏಪ್ರಿಲ್‌ನಲ್ಲಿ ಅಫಜಲಪುರದ ಸಭೆಯಲ್ಲಿ ಖರ್ಗೆ ಮಾತಾಡಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ. ಮತ ಹಾಕದಿದ್ದರೂ, ನಾನು ನಿಮಗಾಗಿ ದುಡಿದಿದ್ದೇನೆ ಅನಿಸಿದರೆ ನನ್ನ ಮಣ್ಣಿಗಾದರೂ ಬನ್ನಿ ಅನ್ನುವ ಅರ್ಥದ ಮಾತು ಅದು. ಕೆಲವರು ನಾಟಕ ಅಂದರು. ನಮ್ಮ ಕಡೆ ಮಣ್ಣಿಗೆ ಹೋಗುವುದು ಅಂದರೆ ಎಷ್ಟೇ ಜಗಳ ಇದ್ದರೂ ತಪ್ಪಿಸದ ಕೆಲಸ. ಅಷ್ಟು ಲೆಕ್ಕಾಚಾರದ ಮನುಷ್ಯನ ಬಾಯಿಂದ ಅದು ಬಂದಿದ್ದು ನೋಡಿ ನನಗೆ 2019 ಇನ್ನೂ ಆರಿಲ್ಲ ಅನಿಸಿತು.

ಆದರೆ ಗೆಲುವು ತಂದಿದ್ದು ಆ ಮಾತಿಗಿಂತ ಜಾಸ್ತಿ ಹಳೆಯ ಲೆಕ್ಕ. ಚಿಂಚನಸೂರ 2023ರಲ್ಲೇ ವಾಪಸ್ ಬಂದಿದ್ದರು. ಮಾಲೀಕಯ್ಯ ಗುತ್ತೇದಾರ ಚುನಾವಣೆಗೆ ಕೆಲವೇ ದಿನ ಇರುವಾಗ ಮರಳಿದರು. ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರ, ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ದೊಡ್ಡಮನಿ 6,52,321, ಜಾಧವ್ 6,25,116. ಅಂತರ 27,205. ಜಾಧವ್ ಅವರ ಮತವೂ ಕರಗಲಿಲ್ಲ, ಗಮನಿಸಿ. 2019ರದ್ದೇ ಆಟ, ಈ ಸಲ ರಾಶಿ ಬೆಳೆದಿದ್ದು ಕಾಂಗ್ರೆಸ್ ಕಡೆ.

ಈಗ ಅರ್ಜಿ ಯಾರಿಗೆ ಕೊಡಬೇಕು?

ಇದನ್ನು ನಗುತ್ತಾ ಕೇಳುತ್ತಾರೆ, ಆದರೆ ಉತ್ತರ ಬೇಕು. ಲೋಕಸಭಾ ಸದಸ್ಯರು ದೊಡ್ಡಮನಿ. 2023ರಲ್ಲಿ ಬಂದ ಸರ್ಕಾರದಲ್ಲಿ ಜಿಲ್ಲಾ ಉಸ್ತುವಾರಿ ಪ್ರಿಯಾಂಕ್ ಖರ್ಗೆ. ಮಲ್ಲಿಕಾರ್ಜುನ ಖರ್ಗೆ 2020ರಲ್ಲಿ ಆರು ವರ್ಷಕ್ಕೆ ಆಯ್ಕೆಯಾದ ರಾಜ್ಯಸಭಾ ಸದಸ್ಯರು. ರಾಜ್ಯಸಭಾ ಸದಸ್ಯರ ಐದು ಕೋಟಿಯ ವಾರ್ಷಿಕ ಅನುದಾನವನ್ನು ಆಯ್ಕೆಯಾದ ರಾಜ್ಯದ ಯಾವ ಜಿಲ್ಲೆಗೆ ಬೇಕಾದರೂ ಕೊಡಬಹುದು. ಹಾಗಾಗಿ ನಿಮ್ಮೂರಿನ ಸಮುದಾಯ ಭವನಕ್ಕೆ ಕೇಳಬಹುದು. 371(ಜೆ) ಅರ್ಹತಾ ಪತ್ರಕ್ಕೆ ಮಾತ್ರ ಯಾವ ಸಾಹೇಬ್ರ ಶಿಫಾರಸೂ ಬೇಡ. ದಾಖಲೆ ಸರಿ ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಅರ್ಜಿ ಕರೆದ ಮೇಲೆ ಓಡಾಡಬೇಡಿ, ಈಗಲೇ ಮಾಡಿಸಿಡಿ.